ಒಗೆಯುವವರು ಯಾರು?

ಈ ಸಂಚಿಕೆಗೆ ರಸಾಯನಶಾಸ್ತ್ರಕ್ಕೆ ಸಂಬಂಧಪಟ್ಟು ಎಲ್ಲರಿಗೂ ತಿಳಿಯುವಂಥ ಲೇಖನವೊಂದನ್ನು ಬರೆದುಕೊಡಿ ಎಂದು ಸಂಪಾದಕರು ಕೇಳಿದರು. ಒಪ್ಪಿಕೊಂಡ ಮೇಲೆ ಯೋಚನೆಗೆ ಬಿದ್ದೆ. ಪ್ರಯೋಗಶಾಲೆಯಲ್ಲಿ ನಾನು ಏನು ಮಾಡುತ್ತೇನೆ ಎಂಬುದನ್ನು ಮನೆಯವಳಿಗೇ ತಿಳಿಯುವಂತೆ ಹೇಳಲು ಈ ಆರು ವರ್ಷಗಳಲ್ಲಿ ನನ್ನಿಂದ ಆಗಿಲ್ಲ. ಅದರ ಬದಲು, ಎಳೆ ಮಕ್ಕಳಿರುವ ನಮ್ಮ ಬಳಗದ ನಾಲ್ಕು ಸಂಸಾರಗಳು ಸೇರಿದಲ್ಲೆಲ್ಲ ಏಳುವ ಒಂದು ಚರ್ಚೆಯನ್ನು ಎತ್ತಿಕೊಂಡರೆ ರಸಾಯನಶಾಸ್ತ್ರವೂ ಬಂದಂತಾಯಿತು, ಸಂಸಾರದ ವಿಷಯವೂ ಬಂದಂತಾಯಿತು ಎನ್ನಿಸಿತು. ಮಗುವಿಗೆ ಅಂಗಡಿಯ ಡಯಾಪರೋ, ಒಗೆದು ಬಳಸುವ ಬಟ್ಟೆಯೋ ಎಂಬುದೇ ಆ ಚರ್ಚೆ. ಊಟಕ್ಕೆ ಕುಳಿತು ಓದುತ್ತಿರುವವರು ದಯವಿಟ್ಟು ಈ ಪುಟವನ್ನು ಮಡಿಚಿಟ್ಟು ಕೈತೊಳೆದ ಮೇಲೆ ಮುಂದುವರಿಸಬೇಕು.

ನಮ್ಮ ಮಗಳಿಗೆ ಮೂರು ತಿಂಗಳಾಗುವವರೆಗೆ ಅಂಗಡಿಯದನ್ನೇ ಹಾಕಿದೆವು. ಅಲ್ಲಿಂದ ಈಚೆಗೆ ಬಟ್ಟೆ. ಈಗ ಅವಳಿಗೆ ಒಂದೂವರೆ ವರ್ಷ ತುಂಬಿದೆ. ಅಂದರೆ ಹದಿನೈದು ತಿಂಗಳ ಅನುಭವದ ಮೇಲೆ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದುವುದೂ ಬಿಡುವುದೂ ನಿಮ್ಮಿಷ್ಟ. ಬಟ್ಟೆಯೇ ಮೇಲು, ಆದರೆ ಎರಡು ಷರತ್ತುಗಳ ಮೇಲೆ. ಅದನ್ನು ಹಗ್ಗದ ಮೇಲೆ ಒಣಗಿಸಬೇಕು, ಮತ್ತು ಒಗೆಯುವ ಕೆಲಸ ಆ ಮನೆಯ ಗಂಡಸಿನ ಪಾಲಿಗೆ ಬರಬೇಕು. ಮೊದಲನೆಯ ಷರತ್ತನ್ನು ಅಂಕಿ ಅಂಶಗಳೇ ಹಾಕುತ್ತವೆ. ಎರಡನೆಯದನ್ನು ಹಾಕುತ್ತಿರುವವನು ನಾನು.

ಏಕೆಂದರೆ ಈ ಚರ್ಚೆಯಲ್ಲಿ ಬಟ್ಟೆಯ ಪರವಾಗಿ ಅತ್ಯಂತ ಜೋರಾಗಿ ಮಾತಾಡುವವರು ಸಾಮಾನ್ಯವಾಗಿ ನಾವು ಗಂಡಸರೇ. "ನಮ್ಮಜ್ಜಿಯ ಕಾಲದಲ್ಲಿ ಈ ಪ್ಲಾಸ್ಟಿಕ್ಕು ಎಲ್ಲಿತ್ತು? ನಾವೆಲ್ಲ ಬೆಳೆಯಲಿಲ್ಲವೇ?" ಎಂಬ ಮಾತು ಕಾಫಿಯ ಎರಡನೆಯ ಗುಟುಕಿಗೆ ಬಂದೇ ಬರುತ್ತದೆ. ಬೆಳೆದೆವು, ನಿಜ. ಹಳೆಯ ಹತ್ತಿ ಸೀರೆಯನ್ನೋ ಅಜ್ಜನ ಪಂಚೆಯನ್ನೋ ಹರಿದು ಮಾಡಿದ ಲಂಗೋಟಿ, ಕೆಳಗೆ ಒಂದು ರಬ್ಬರ್ ಶೀಟು, ಅದರ ಮೇಲೆ ಮತ್ತೆ ಹಳೆಯ ಬಟ್ಟೆ. ಉತ್ತರ ಕರ್ನಾಟಕದ ಕಡೆಯವರಾದರೆ ಮೆತ್ತನೆಯ ಪುಟ್ಟ ಕೌದಿ. ಹತ್ತಾರು ಬಾರಿ ಒಗೆದು ನವೆದ ಹತ್ತಿಯಷ್ಟು ಮೃದುವಾದದ್ದು ಮಗುವಿನ ಚರ್ಮಕ್ಕೆ ಇನ್ನೊಂದಿಲ್ಲ. ಆದರೆ ಆ ರಾಶಿಯನ್ನು ಒಗೆದವರು ಯಾರು? ಬೆಳಗಿನ ಜಾವ ಬಚ್ಚಲ ಹಂಡೆಯಿಂದ ಬಿಸಿನೀರು ತೆಗೆದು ನೆನೆಹಾಕಿ, ಕಲ್ಲಿನ ಮೇಲೆ ಕುಸುಬಿ, ಮಲೆನಾಡಿನ ಮಳೆಗಾಲದಲ್ಲಿ ಒಲೆಯ ಮೇಲುಗಡೆ ಹಗ್ಗ ಕಟ್ಟಿ, ಹೊಗೆ ವಾಸನೆ ಹತ್ತಿದರೂ ಪರವಾಗಿಲ್ಲವೆಂದು ಒಣಗಿಸಿದವರು ಅಜ್ಜಿ, ಅತ್ತೆ, ಚಿಕ್ಕಮ್ಮ, ಅಥವಾ ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸು. ನಮ್ಮ ನೆನಪಿನಲ್ಲಿ ಉಳಿದಿರುವುದು ಸೀರೆಯ ಮೆದುವು ಮಾತ್ರ. ಅವರ ನೆನಪಿನಲ್ಲಿ ಉಳಿದಿರುವುದು ಬೆನ್ನುನೋವು. ಇಬ್ಬರ ನೆನಪನ್ನೂ ಕೇಳದೆ "ನಮ್ಮ ಪರಂಪರೆ" ಎಂದುಬಿಡುವುದು ಅರ್ಧ ಲೆಕ್ಕ ಬರೆದು ಪುಸ್ತಕ ಮುಚ್ಚಿದಂತೆ.

ಅಂಗಡಿಯ ಡಯಾಪರ್ ಹುಟ್ಟಿದ್ದೂ ಈ ಬೆನ್ನುನೋವಿನಿಂದಲೇ. ಅಮೆರಿಕದ ಮೇರಿಯನ್ ಡೊನೊವನ್ ಎಂಬ ತಾಯಿ, ಮಗುವಿನ ಬಟ್ಟೆ, ಹಾಸಿಗೆ, ಹೊದಿಕೆ ಎಲ್ಲವನ್ನೂ ದಿನಕ್ಕೆ ಹಲವು ಸಲ ಬದಲಿಸಿ ಬೇಸತ್ತು, ಸ್ನಾನದ ಮನೆಯ ಪರದೆಯನ್ನು ಕತ್ತರಿಸಿ ಬಟ್ಟೆಯ ಮೇಲೆ ತೊಡಿಸುವ ಸೋರದ ಹೊದಿಕೆಯೊಂದನ್ನು ಹೊಲಿದಳು. 1949ರಲ್ಲಿ ಅದು ನ್ಯೂಯಾರ್ಕಿನ ಅಂಗಡಿಗೆ ಬಂತು, 1951ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅದಾದ ಕೆಲವು ವರ್ಷಕ್ಕೆ, ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿ ರಾಸಾಯನಿಕ ಎಂಜಿನಿಯರಾಗಿದ್ದ ವಿಕ್ಟರ್ ಮಿಲ್ಸ್ ಎಂಬ ಅಜ್ಜ, ಮೊಮ್ಮಗುವಿನ ಲಂಗೋಟಿ ಒಗೆಯುವ ಕೆಲಸ ಹಿಡಿಸದೆ, ಬಳಸಿ ಬಿಸಾಡುವಂಥದ್ದನ್ನು ತಯಾರಿಸುವ ಕೆಲಸಕ್ಕೆ ತನ್ನ ತಂಡವನ್ನು ಹಚ್ಚಿದನೆಂದು ಹೇಳುತ್ತಾರೆ. ಪ್ಯಾಂಪರ್ಸ್ ಎಂಬ ಹೆಸರಿನಲ್ಲಿ ಅದನ್ನು 1961ರಲ್ಲಿ ಇಲಿನಾಯ್ ರಾಜ್ಯದ ಪಿಯೋರಿಯ ಎಂಬ ಊರಿನಲ್ಲಿ ಪರೀಕ್ಷೆಗೆಂದು ಮಾರಿದರು. ಒಂದಕ್ಕೆ 10 ಸೆಂಟ್ ಬೆಲೆ ದುಬಾರಿಯಾಯಿತೆಂದು ಮೊದಲು ಜನ ಕೊಳ್ಳಲಿಲ್ಲ. ಬೆಲೆ ಇಳಿಸಿದ ಮೇಲೆ ಕೊಂಡರು, ಇವತ್ತಿಗೂ ಕೊಳ್ಳುತ್ತಲೇ ಇದ್ದಾರೆ. ಗಮನಿಸಿ, ತಾಯಿ ಹುಡುಕಿದ್ದು ಒಗೆತವನ್ನು ಕಡಿಮೆ ಮಾಡುವ ದಾರಿ; ಅಜ್ಜ ಹುಡುಕಿದ್ದು ಒಗೆತವೇ ಬೇಡವೆನ್ನುವ ದಾರಿ.

ಇಲ್ಲಿ ನನ್ನ ವೃತ್ತಿಯ ಮಾತು ಸ್ವಲ್ಪ ಬರುತ್ತದೆ, ತಾಳ್ಮೆಯಿರಲಿ. ಆರಂಭದ ಡಯಾಪರುಗಳಲ್ಲಿದ್ದದ್ದು ಮರದ ನಾರು ಮತ್ತು ಪ್ಲಾಸ್ಟಿಕ್ ಹಾಳೆ ಅಷ್ಟೇ. ಅವು ದಪ್ಪಗಿದ್ದವು, ಸೋರುತ್ತಿದ್ದವು. 1980ರ ದಶಕದಲ್ಲಿ ಅವುಗಳೊಳಗೆ ಒಂದು ಬಿಳಿಯ ಪುಡಿ ಸೇರಿತು. ಅದರ ಹೆಸರು ಸೋಡಿಯಂ ಪಾಲಿಅಕ್ರಿಲೇಟ್. ಆಶ್ಚರ್ಯವೆಂದರೆ, ನೀರನ್ನು ಹೀರಿ ಉಬ್ಬುವ ಇಂಥ ಪುಡಿಗಳ ಮೇಲೆ ಮೊದಮೊದಲು ಕೆಲಸ ನಡೆದದ್ದೂ ಅದೇ ಪಿಯೋರಿಯದಲ್ಲಿ, ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಶಾಲೆಯಲ್ಲಿ. ಜೋಳದ ಪಿಷ್ಟದಿಂದ ಅವರು ಮಾಡಿದ ಆ ವಸ್ತು ಮಗುವಿಗಾಗಿ ಹುಟ್ಟಿದ್ದಲ್ಲ. ಹೊಲದಲ್ಲಿ ನೀರು ಹಿಡಿದಿಡಲಿ ಎಂಬುದು ಒಂದು ಆಸೆಯಾಗಿತ್ತು. ಈ ಪುಡಿಯ ಅಣುಗಳು ಉದ್ದನೆಯ ಸರಪಳಿಗಳು. ಸರಪಳಿಯ ಉದ್ದಕ್ಕೂ ಋಣ ವಿದ್ಯುದಂಶಗಳು, ಅವುಗಳ ಪಕ್ಕದಲ್ಲಿ ಸೋಡಿಯಂ. ನೀರು ಬಿದ್ದೊಡನೆ ಸೋಡಿಯಂ ಸಡಿಲವಾಗುತ್ತದೆ, ಋಣಾಂಶಗಳು ಒಂದನ್ನೊಂದು ದೂರ ತಳ್ಳುತ್ತವೆ, ಮುದುಡಿದ್ದ ಸರಪಳಿ ಬಿಚ್ಚಿಕೊಳ್ಳುತ್ತದೆ, ಒಳಗೆ ನೀರು ನುಗ್ಗುತ್ತದೆ. ಶುದ್ಧ ನೀರಾದರೆ ತನ್ನ ತೂಕದ ಕೆಲವು ನೂರು ಪಟ್ಟು ಹೀರುತ್ತದೆ. ಮೂತ್ರದಲ್ಲಿ ಉಪ್ಪಿರುವುದರಿಂದ ಆ ಶಕ್ತಿ ಮೂವತ್ತು ನಲವತ್ತು ಪಟ್ಟಿಗೆ ಇಳಿಯುತ್ತದೆ. ಮುಂದಿನ ರಾಜ್ಯೋತ್ಸವಕ್ಕೆ ಮಕ್ಕಳ ಕಾರ್ಯಕ್ರಮದಲ್ಲಿ ಇದನ್ನು ತೋರಿಸಬಹುದು: ಹೊಸ ಡಯಾಪರ್ ಒಂದನ್ನು ಸೀಳಿ ಪುಡಿ ಉದುರಿಸಿ ಲೋಟಕ್ಕೆ ಹಾಕಿ, ನೀರು ಸುರಿದರೆ ಲೋಡ್ಡೆಯಂತೆ ಗಟ್ಟಿಯಾಗುತ್ತದೆ, ಲೋಟ ತಲೆಕೆಳಗೆ ಮಾಡಿದರೂ ಬೀಳುವುದಿಲ್ಲ, ಒಂದು ಚಮಚ ಉಪ್ಪು ಹಾಕಿ ಕದಡಿದರೆ ಮತ್ತೆ ನೀರೊಡೆಯುತ್ತದೆ. ಮಕ್ಕಳಿಗೆ ಇದು ಮಾಟದಂತೆ ಕಾಣುತ್ತದೆ.

ವೈರಿಯಾದರೂ ಗುಣವನ್ನು ಹೇಳಬೇಕು. ಈ ಪುಡಿ ಮಗುವಿನ ಚರ್ಮವನ್ನು ಒಣಗಿಸಿಡುತ್ತದೆ. ಮೂತ್ರದಲ್ಲಿರುವ ಯೂರಿಯವನ್ನು ಮಲದಲ್ಲಿರುವ ಬ್ಯಾಕ್ಟೀರಿಯಗಳ ಕಿಣ್ವ ಒಡೆದಾಗ ಅಮೋನಿಯ ಹೊರಡುತ್ತದೆ. ಅಮೋನಿಯದಿಂದ ಕ್ಷಾರತೆ ಏರುತ್ತದೆ. ಕ್ಷಾರತೆ ಏರಿದಾಗ ಮಲದಲ್ಲಿರುವ ಜೀರ್ಣಕಾರಿ ಕಿಣ್ವಗಳು ಚುರುಕಾಗಿ ಚರ್ಮವನ್ನೇ ಜೀರ್ಣಿಸಲು ಹೊರಡುತ್ತವೆ. ಮಗುವಿನ ತೊಡೆಸಂದು ಕೆಂಪಾಗುವುದು ಹೀಗೆ. ಅಂಗಡಿಯ ಡಯಾಪರ್ ಒದ್ದೆಯನ್ನು ದೂರವಿಟ್ಟು, ಆಮ್ಲತೆಯನ್ನು ಹದದಲ್ಲಿಟ್ಟು ಇದನ್ನು ತಡೆಯುತ್ತದೆ. ಬಟ್ಟೆ ಕಟ್ಟುವವರು ಅದೇ ಫಲವನ್ನು ಪಡೆಯಬೇಕಾದರೆ ಒದ್ದೆಯಾದ ಕೂಡಲೇ ಬದಲಿಸಬೇಕು. ಅದಕ್ಕೆ ಬೇರೆ ದಾರಿಯಿಲ್ಲ, ಯಾವ ಪುಡಿಯೂ ಇಲ್ಲ. ನಮ್ಮ ಅಜ್ಜಿಯರು ಬೇಸಗೆಯಲ್ಲಿ ಲಂಗೋಟಿಯನ್ನೇ ಬಿಚ್ಚಿ ಮಗುವನ್ನು ಹಾಗೇ ಬಿಡುತ್ತಿದ್ದರಲ್ಲ, ಚರ್ಮದ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಉಪಾಯವನ್ನು ಯಾವ ಕಂಪನಿಯೂ ಕಂಡುಹಿಡಿದಿಲ್ಲ. ಆದರೆ ನೈಮೆಗನ್ನಿನ ಜನವರಿ ತಿಂಗಳಿಗೆ ಅದು ಒಗ್ಗುವುದಿಲ್ಲ.

ಗುಣ ಹೇಳಿದ್ದಾಯಿತು. ಈಗ ಆ ಪುಡಿಯ ಗತಿಯನ್ನು ನೋಡೋಣ. ಅದರ ಮೂಲ ಪೆಟ್ರೋಲಿಯಂ: ಪ್ರೊಪಿಲೀನನ್ನು ಉತ್ಕರ್ಷಿಸಿ ಅಕ್ರಿಲಿಕ್ ಆಮ್ಲ, ಅದರಿಂದ ಪುಡಿ. ಸರಪಳಿಯ ಬೆನ್ನೆಲುಬು ಇಂಗಾಲಕ್ಕೆ ಇಂಗಾಲ ಕೊಂಡಿ ಹಾಕಿದ್ದು. ಮಣ್ಣಿನ ಜೀವಿಗಳಿಗೆ ಅದನ್ನು ಕಡಿಯುವುದು ಸುಲಭವಲ್ಲ. ದಿನಕ್ಕೆ ಐದು ಎಂದರೂ ಎರಡೂವರೆ ವರ್ಷಕ್ಕೆ ಸುಮಾರು ನಾಲ್ಕೂವರೆ ಸಾವಿರ ಡಯಾಪರ್. ಒಂದಕ್ಕೆ 20 ಸೆಂಟ್ ಹಿಡಿದರೆ 900 ಯೂರೊ. ನಮ್ಮ ಊರಿನಲ್ಲಿ ಉಳಿಕೆ ಕಸಕ್ಕೆ ಹಸಿರು ಚೀಲವನ್ನು ದುಡ್ಡು ಕೊಟ್ಟು ಕೊಳ್ಳುವ ಪದ್ಧತಿ ಬಹಳ ಕಾಲದಿಂದ ಬಂದದ್ದು. ಹೀಗಾಗಿ ನೈಮೆಗನ್ನಿನ ಸಂಸಾರಗಳಿಗೆ ಮಗು ಹುಟ್ಟಿತೆಂಬುದು ಕಸದ ಚೀಲದ ಖರ್ಚಿನಲ್ಲೇ ಗೊತ್ತಾಗುತ್ತದೆ. ಕೊಂಡಾಗಲೂ ಕಾಸು, ಎಸೆದಾಗಲೂ ಕಾಸು.

ಊರಿನ ಪಶ್ಚಿಮಕ್ಕೆ, ಕಾಲುವೆ ದಾಟಿದರೆ, ವಾಲ್ ನದಿಯ ದಡದಲ್ಲಿ ವೋರ್ಟ್ ಎಂಬ ಹಳ್ಳಿಯಿದೆ. ಅಲ್ಲಿ ಎ.ಆರ್.ಎನ್. ಸಂಸ್ಥೆಯ ಕಸ ಸುಡುವ ಕುಲುಮೆಯಿದೆ. ಬಳಸಿದ ಡಯಾಪರಿನಲ್ಲಿ ತೂಕದ ಬಹುಪಾಲು ನೀರು. ಒಂದು ಕಿಲೊ ನೀರನ್ನು ಸೊನ್ನೆ ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಎಷ್ಟು ಶಾಖ ಬೇಕೋ, ಆ ಕುದಿಯುವ ನೀರನ್ನು ಆವಿ ಮಾಡಲು ಅದರ ಐದು ಪಟ್ಟಿಗೂ ಹೆಚ್ಚು ಬೇಕು. ಆದ್ದರಿಂದ ಡಯಾಪರ್ ಸುಡುವುದೆಂದರೆ ಹೆಚ್ಚಾಗಿ ಮಗುವಿನ ಮೂತ್ರವನ್ನು ಕಾಯಿಸುವುದೇ. ಇದನ್ನರಿತು 2018ರ ಸುಮಾರಿಗೆ ವೋರ್ಟಿನ ಅದೇ ಆವರಣದಲ್ಲಿ ಡಯಾಪರುಗಳನ್ನು ಬೇರೆಯಾಗಿ ಬೇಯಿಸಿ ಮರಳಿ ವಸ್ತು ಪಡೆಯುವ ಘಟಕವೊಂದನ್ನು ಕಟ್ಟಿದರು. ನೈಮೆಗನ್ ಯೂರೋಪಿನ ಹಸಿರು ರಾಜಧಾನಿ ಎನಿಸಿಕೊಂಡದ್ದೂ ಆ ವರ್ಷವೇ. ಘಟಕದ ತತ್ವ ನಮ್ಮ ಅಡಿಗೆಮನೆಯ ಪ್ರೆಷರ್ ಕುಕ್ಕರಿನದೇ, ಆದರೆ 250 ಡಿಗ್ರಿ ಶಾಖ, 40 ವಾತಾವರಣದಷ್ಟು ಒತ್ತಡ. (ಆ ಶಾಖದಲ್ಲಿ ನೀರಾವಿಗೆ ತಾನಾಗಿಯೇ ಬರುವ ಒತ್ತಡ ಅದು, ಯಾರೂ ಹೊರಗಿನಿಂದ ಒತ್ತಬೇಕಾಗಿಲ್ಲ.) ಅಷ್ಟು ಬಿಸಿಯಲ್ಲಿ ರೋಗಾಣು ಸಾಯುತ್ತವೆ, ಪುಡಿಯ ಜಿಗುಟು ಒಡೆದು ನೀರು ಬಿಡುತ್ತದೆ, ಪ್ಲಾಸ್ಟಿಕ್ ಕರಗಿ ತಣಿದ ಮೇಲೆ ಹರಳಾಗಿ ಬೇರೆಯಾಗುತ್ತದೆ, ಉಳಿದ ಗಂಜಿಯಿಂದ ಅನಿಲ ತೆಗೆಯಬಹುದು. ರಸಾಯನಶಾಸ್ತ್ರಜ್ಞನಾಗಿ ನನಗೆ ಇದು ಬಹಳ ಸೊಗಸಾದ ಕೆಲಸವೆಂದು ಕಾಣುತ್ತದೆ. ಆದರೆ ಇಂಥ ಘಟಕಗಳ ಆಯುಸ್ಸನ್ನು ರಸಾಯನಶಾಸ್ತ್ರ ನಿರ್ಣಯಿಸುವುದಿಲ್ಲ, ಲೆಕ್ಕಪತ್ರದವರು ನಿರ್ಣಯಿಸುತ್ತಾರೆ. ಹತ್ತಿರದ ಆರ್ನೆಮ್‌ನಲ್ಲಿ 1999ರಲ್ಲಿ ಆರಂಭವಾದ ಡಯಾಪರ್ ಕಾರ್ಖಾನೆ 2007ರಲ್ಲಿ ಬಾಗಿಲು ಹಾಕಿತು. ಸುಡುವುದು ಅಗ್ಗವಾಗಿರುವವರೆಗೂ ಬೇಯಿಸುವವರು ತಿಣುಕಬೇಕಾದದ್ದೇ. ಯಾರೋ ಮುಂದೆ ನೋಡಿಕೊಳ್ಳುತ್ತಾರೆಂಬ ಧೈರ್ಯದ ಮೇಲೆ ಎಸೆಯುವುದು ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ಬಟ್ಟೆ ನಿಜವಾಗಿಯೂ ಮೇಲೇ? ಒಗೆಯಲು ನೀರು, ಸೋಪು, ವಿದ್ಯುತ್ ಬೇಡವೇ? ಬೇಕು. ಈ ಪ್ರಶ್ನೆಯನ್ನು ಬ್ರಿಟನ್ನಿನವರು ಬಹಳ ಶ್ರದ್ಧೆಯಿಂದ ಲೆಕ್ಕ ಹಾಕಿದ್ದಾರೆ. ಅಲ್ಲಿನ ಪರಿಸರ ಸಂಸ್ಥೆ 2005ರಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದಾಗ ಡಯಾಪರ್ ಕಂಪನಿಗಳಿಗೆ ಹಬ್ಬವಾಯಿತು. 2008ರಲ್ಲಿ ಲೆಕ್ಕವನ್ನು ತಿದ್ದಿದಾಗ ಎರಡೂವರೆ ವರ್ಷಕ್ಕೆ ಅಂಗಡಿಯದರ ಪಾಲು ಸುಮಾರು 550 ಕಿಲೊ ಇಂಗಾಲದ ಡೈ ಆಕ್ಸೈಡಿಗೆ ಸಮ, ಬಟ್ಟೆಯದು 570. ಬಟ್ಟೆಯೇ ತುಸು ಹೆಚ್ಚು! ಆದರೆ ಅದೇ ವರದಿಯ ಒಳಪುಟಗಳಲ್ಲಿ ಸ್ವಾರಸ್ಯವಿದೆ. ಎಲ್ಲ ಬಟ್ಟೆಯನ್ನೂ ಒಣಗಿಸುವ ಯಂತ್ರಕ್ಕೆ ಹಾಕಿದರೆ ಬಟ್ಟೆಯ ಪಾಲು ಶೇಕಡ 43ರಷ್ಟು ಏರುತ್ತದೆ. ಹೊರಗೆ ಹಗ್ಗದ ಮೇಲೆ ಒಣಗಿಸಿ, ಯಂತ್ರವನ್ನು ತುಂಬಿಯೇ ಒಗೆದು, ಅದೇ ಬಟ್ಟೆಯನ್ನು ಎರಡನೆಯ ಮಗುವಿಗೂ ಬಳಸಿದರೆ ಶೇಕಡ 40ರಷ್ಟು, ಅಂದರೆ ಸುಮಾರು 200 ಕಿಲೊ ಇಳಿಯುತ್ತದೆ. ಅದೇ ದೇಶದ ಸರಕಾರ 2023ರಲ್ಲಿ ಹೊಸ ಲೆಕ್ಕ ಪ್ರಕಟಿಸಿತು. ಅದರಲ್ಲಿ ಬಟ್ಟೆಗೆ ಸುಮಾರು 345 ಕಿಲೊ, ಅಂಗಡಿಯದಕ್ಕೆ 457. ವಿದ್ಯುತ್ತು ಶುಚಿಯಾದಷ್ಟೂ ಒಗೆತವೂ ಶುಚಿಯಾಗುತ್ತದೆ. ಅಂಗಡಿಯ ಡಯಾಪರಿನ ಭಾರ ಮಾತ್ರ ಹೆಚ್ಚಾಗಿ ತಯಾರಿಕೆಯಲ್ಲೇ ಕೂತಿದೆ, ಅದನ್ನು ನಮ್ಮ ಮನೆಯಲ್ಲಿ ನಾವೇನೂ ಮಾಡಲಾಗುವುದಿಲ್ಲ. ನನಗೆ ಈ ಅಂಕಿಗಳಲ್ಲಿ ಕಂಡದ್ದು ಇಷ್ಟು: ಅಂಗಡಿಯ ಡಯಾಪರಿಗೆ ಒಂದೇ ಲೆಕ್ಕ. ಬಟ್ಟೆಗೆ ಮನೆಗೊಂದು ಲೆಕ್ಕ. ಒಗೆಯುವವನ ಅಭ್ಯಾಸವೇ ಅದರ ಉತ್ತರ.

ನೈಮೆಗನ್ನಿನಲ್ಲಿ ಬಿಸಿಲೆಲ್ಲಿದೆ ಎಂದು ನೀವು ಕೇಳುತ್ತೀರಿ. ನಮ್ಮದು ಮೂರನೆಯ ಮಹಡಿಯ ಮನೆ, ಹಿತ್ತಿಲಿಲ್ಲ. ಮಲಗುವ ಕೋಣೆಯ ಮೇಲಿನ ಅಟ್ಟದಲ್ಲಿ ನಾಲ್ಕು ಸಾಲು ಹಗ್ಗ ಕಟ್ಟಿದ್ದೇನೆ. ಗಾಳಿಯಾಡಲು ಕಿಟಕಿಯನ್ನು ಒಂದು ಬೆರಳು ತೆರೆದಿಟ್ಟರೆ ತೆಳುಬಟ್ಟೆ ಒಂದು ರಾತ್ರಿಯಲ್ಲಿ, ನವೆಂಬರಿನಲ್ಲಾದರೆ ಒಂದೂವರೆ ದಿನದಲ್ಲಿ ಒಣಗುತ್ತದೆ. ತೆಳುಬಟ್ಟೆ ಎಂದು ಒತ್ತಿ ಹೇಳಿದೆ. ಹೊಲಿಗೆ ಹಾಕಿದ ದಪ್ಪ ಮೆತ್ತೆಗಳು ಅಂದವಾಗಿ ಕಾಣುತ್ತವೆ, ಆದರೆ ಒಣಗಲು ಮೂರು ದಿನ ತೆಗೆದುಕೊಂಡು ಕೊನೆಗೆ ನಿಮ್ಮನ್ನು ಯಂತ್ರದ ಬಾಗಿಲಿಗೇ ಕರೆದೊಯ್ಯುತ್ತವೆ. ಡಚ್ಚರ ಪ್ರತಿ ಮನೆಯಲ್ಲೂ ಮಗುವಿನ ಬಾಯಿ ಒರೆಸಲು, ಹೆಗಲ ಮೇಲೆ ಹಾಕಿಕೊಳ್ಳಲು ಚೌಕಾಕಾರದ ಒಂದು ಜಾಳು ಹತ್ತಿಬಟ್ಟೆಯಿರುತ್ತದೆ. ಅದಕ್ಕೆ ಅವರು 'ಹೈಡ್ರೋಫೀಲ್' ಬಟ್ಟೆ ಎನ್ನುತ್ತಾರೆ. ಹೈಡ್ರೋಫಿಲಿಕ್, ಅಂದರೆ ನೀರನ್ನು ಪ್ರೀತಿಸುವಂಥದ್ದು! ನಾನು ಪ್ರಯೋಗಶಾಲೆಯಲ್ಲಿ ದಿನವಿಡೀ ಬಳಸುವ ಪದವನ್ನು ಹೇಮಾ ಅಂಗಡಿಯ ಬಟ್ಟೆಯ ಕಟ್ಟಿನ ಮೇಲೆ ಕಂಡು ಸಂತೋಷಪಟ್ಟೆ. (ಹೇಮಾ ಎಂದರೆ ಇಲ್ಲಿನ ದೊಡ್ಡ ಅಂಗಡಿ, ಅತ್ತೆಯವರು ಮೊದಲ ದಿನ "ಯಾರಮ್ಮ ಈ ಹೇಮಾ, ಎಲ್ಲವನ್ನೂ ಅವಳ ಹತ್ತಿರವೇ ತರುತ್ತೀರಿ?" ಎಂದು ಕೇಳಿದ್ದರು.) ಆ ಬಟ್ಟೆ ಹುಟ್ಟಿನಿಂದ ಲಂಗೋಟಿಯೇ. ಅಂಗಡಿಯ ಡಯಾಪರ್ ಬಂದ ಮೇಲೆ ಅದಕ್ಕೆ ಬಾಯಿ ಒರೆಸುವ ಕೆಲಸಕ್ಕೆ ವರ್ಗವಾಯಿತು. ಡಚ್ಚಿನಲ್ಲಿ ಡಯಾಪರಿಗೆ 'ಲೌಯರ್' ಎನ್ನುತ್ತಾರೆ. ಅದೇ ಅಕ್ಷರಗಳಿಗೆ 'ಇನ್ನೂ ಸೋಮಾರಿ' ಎಂಬ ಅರ್ಥವೂ ಇದೆ ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳಿಕೊಟ್ಟರು. ಎರಡಕ್ಕೂ ಸಂಬಂಧವಿಲ್ಲವಂತೆ. ಇರಲಿ.

ಒಗೆತದ ಬಗ್ಗೆ ಎರಡು ಮಾತು. 60 ಡಿಗ್ರಿ ಸಾಕು, 90 ಬೇಡ. ಬಟ್ಟೆ ಮೆದುಗೊಳಿಸುವ ಸುವಾಸನೆಯ ದ್ರವವನ್ನು ಎಂದಿಗೂ ಹಾಕಬಾರದು. ಅದರಲ್ಲಿರುವ ಧನ ವಿದ್ಯುದಂಶದ ಅಣುಗಳು ಹತ್ತಿಯ ನಾರಿಗೆ ಅಂಟಿಕೊಂಡು, ತಮ್ಮ ಜಿಡ್ಡಿನ ಬಾಲವನ್ನು ಹೊರಗೆ ಚಾಚುತ್ತವೆ. ಮುಟ್ಟಲು ಹಿತವಾಗಿರುತ್ತದೆ, ಆದರೆ ನೀರನ್ನು ಪ್ರೀತಿಸುತ್ತಿದ್ದ ಬಟ್ಟೆ ನೀರನ್ನು ದ್ವೇಷಿಸತೊಡಗುತ್ತದೆ. ಗಟ್ಟಿ ಮಲವನ್ನು ಮೊದಲೇ ಕಕ್ಕಸಿಗೆ ಉದುರಿಸಿ, ಬಟ್ಟೆಯನ್ನು ಮುಚ್ಚಳದ ಬಕೆಟ್ಟಿನಲ್ಲಿ ಒಣದಾಗಿಯೇ ಇಡಬೇಕು. ನೀರಿನಲ್ಲಿ ನೆನೆಸಿಟ್ಟರೆ ಮೇಲೆ ಹೇಳಿದ ಅಮೋನಿಯ ಬಕೆಟ್ಟಿನಲ್ಲೇ ಹೊರಟು, ಮುಚ್ಚಳ ತೆಗೆದವನ ಕಣ್ಣಲ್ಲಿ ನೀರು ತರಿಸುತ್ತದೆ. ನಮ್ಮಲ್ಲಿ 20 ಬಟ್ಟೆ, 5 ಸೋರದ ಮೇಲುಚಡ್ಡಿ. ಎಲ್ಲ ಸೇರಿ 280 ಯೂರೊ ಆಯಿತು. ಮೂರು ದಿನಕ್ಕೊಂದು ಒಗೆತ. ಹಾಕುವುದು, ತೆಗೆಯುವುದು, ಒಣಹಾಕುವುದು, ಮಡಿಚುವುದು ಎಲ್ಲ ಸೇರಿ ವಾರಕ್ಕೆ ನನಗೆ ಎರಡೂವರೆ ಗಂಟೆ ಹಿಡಿಯುತ್ತದೆ.

ಆ ಎರಡೂವರೆ ಗಂಟೆ ಯಾರದು ಎಂಬಲ್ಲಿಗೆ ಮತ್ತೆ ಬರುತ್ತೇನೆ. ಈ ದೇಶದಲ್ಲಿ ಹೆರಿಗೆಯಾದ ಮೇಲೆ ಸುಮಾರು ಎಂಟು ದಿನ ಮನೆಗೇ ಬಂದು ತಾಯಿ ಮಗುವನ್ನು ನೋಡಿಕೊಳ್ಳುವ ದಾದಿಯರಿದ್ದಾರೆ. ನಮ್ಮ ಬಾಣಂತನದ ಪುಟ್ಟ ರೂಪ ಅದು. ಆಮೇಲೆ ಊರಿನಿಂದ ಅಮ್ಮನೋ ಅತ್ತೆಯೋ ಬರುತ್ತಾರೆ. ವೀಸಾದ ಕೃಪೆಯಿಂದ ತೊಂಬತ್ತು ದಿನ. ಆ ತೊಂಬತ್ತು ದಿನಗಳಲ್ಲಿ ಬಟ್ಟೆ ಕಟ್ಟುವ ಮನೆಗಳು ನಮ್ಮ ಬಳಗದಲ್ಲಿ ಹಲವು. ಅತ್ತೆಯವರ ವಿಮಾನ ಹೊರಟ ಮರುದಿನ ಪ್ಯಾಂಪರ್ಸ್ ಪೆಟ್ಟಿಗೆ ಬರುತ್ತದೆ. ಇದಕ್ಕೆ ಪರಿಸರ ಪ್ರೇಮ ಎನ್ನಲಾಗುವುದಿಲ್ಲ. ಅರವತ್ತು ದಾಟಿದ ಹೆಂಗಸಿನ ಕೈಯಿಂದ, ಚಳಿಯ ನಾಡಿನಲ್ಲಿ, ಕೂಲಿಯಿಲ್ಲದೆ ಒಗೆಸಿದೆವು ಎಂದೇ ಹೇಳಬೇಕು. ಡಚ್ ಸರಕಾರ 2020ರ ಜುಲೈಯಿಂದ, ಮೊದಲಿದ್ದ ಒಂದು ವಾರದ ಜೊತೆಗೆ ಮಗುವಿನ ತಂದೆಗೆ ಇನ್ನೂ ಐದು ವಾರ ರಜೆಯನ್ನು ಶೇಕಡ 70ರಷ್ಟು ಸಂಬಳದ ಮೇಲೆ ಕೊಟ್ಟಿತು. 2022ರ ಆಗಸ್ಟಿನಿಂದ ತಂದೆ ತಾಯಿ ಇಬ್ಬರಿಗೂ ಒಂಬತ್ತು ವಾರದ ಪೋಷಕ ರಜೆಯೂ ಹಾಗೆಯೇ ಸೇರಿತು. ವಾರಕ್ಕೊಂದು ದಿನ ಮನೆಯಲ್ಲಿದ್ದು ಮಗುವನ್ನು ನೋಡಿಕೊಳ್ಳುವ 'ಪಾಪಾ ದಿನ' ಇಲ್ಲಿನ ಗಂಡಸರಿಗೆ ಮಾಮೂಲು. ಆ ರಜೆಗಳನ್ನು ನಾವೂ ತೆಗೆದುಕೊಳ್ಳುತ್ತೇವೆ. ಅದರಲ್ಲಿ ಎರಡೂವರೆ ಗಂಟೆ ಅಟ್ಟದ ಹಗ್ಗಕ್ಕೆ ಸಲ್ಲಲಿ ಎನ್ನುವುದು ಹೆಚ್ಚಿನ ಮಾತಲ್ಲ. ನನ್ನ ಅತ್ತೆಯವರಿಗೆ ಅಳಿಯ ಉಚ್ಚೆಬಟ್ಟೆ ಹಿಂಡುವುದು ಮೊದಲು ಸರಿಕಾಣಲಿಲ್ಲ. "ಬಿಡಿ, ಬಿಡಿ" ಎಂದು ಎರಡು ವಾರ ಅಂದರು. ಮೂರನೆಯ ವಾರ, ನಾನು ಒಣಹಾಕಿದ್ದ ಬಟ್ಟೆಯ ಅಂಚು ಎಳೆದು ನೇರ ಮಾಡುತ್ತ, "ಹೀಗೆ ಜಾಡಿಸಿ ಹಾಕಿದರೆ ಬೇಗ ಒಣಗುತ್ತೆ" ಎಂದು ಹೇಳಿಕೊಟ್ಟರು. ಅದು ನಿಜ. ಜಾಡಿಸಿದರೆ ನಾರು ಬಿಡಿಸಿಕೊಂಡು ಗಾಳಿ ಹೊಗುತ್ತದೆ.

ಮನೆಯಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವವರಾಗಿ, ಗಂಡನಿಗೆ ನಿಜವಾಗಿಯೂ ಬಿಡುವಿಲ್ಲದಿದ್ದರೆ? ಆಗ ಅಂಗಡಿಯದನ್ನೇ ಬಳಸಲಿ, ಯಾರೂ ಅವರ ಹೆಂಡತಿಯ ಮುಂದೆ ಅಜ್ಜಿಯ ಕಥೆ ತೆಗೆಯಬಾರದು. ಎಲ್ಲ ಅಥವಾ ಏನೂ ಇಲ್ಲ ಎಂಬ ಹಟವೂ ಬೇಡ. ನಮ್ಮ ಮನೆಯಲ್ಲಿ ರಾತ್ರಿಗೆ ಇವತ್ತಿಗೂ ಅಂಗಡಿಯದೇ. ಮಗುವಿನ ನಿದ್ರೆ ಇಂಗಾಲದ ಲೆಕ್ಕಕ್ಕಿಂತ ದೊಡ್ಡದು, ತಾಯಿಯ ನಿದ್ರೆ ಅದಕ್ಕಿಂತ ದೊಡ್ಡದು. ಮೊದಲು ವಿಚಾರಿಸಿದ ಶಿಶುವಿಹಾರದವರು ಬಟ್ಟೆಯನ್ನು ಮುಟ್ಟುವುದಿಲ್ಲ ಎಂದುಬಿಟ್ಟರು. ಎರಡನೆಯವರು, ಒದ್ದೆ ಚೀಲವನ್ನು ಸಂಜೆ ನೀವೇ ಒಯ್ದರೆ ಆಗಬಹುದು ಎಂದರು. ಸೈಕಲ್ಲಿನ ಹಿಂದೆ ಆ ಚೀಲ, ಮುಂದೆ ಮಗಳು. ವಾರಕ್ಕೆ ಮೂರು ದಿನ.

ಇಲ್ಲಿಯವರೆಗೆ ಹೇಳಿದ್ದು ಇಲ್ಲಿನ ಮಾತು. ನನ್ನನ್ನು ಇದಕ್ಕಿಂತ ಹೆಚ್ಚು ಕಾಡುವುದು ನಾವು ಊರಿಗೆ ಹೋದಾಗಿನ ಮಾತು. ಮಗುವನ್ನು ಮೊದಲ ಸಲ ಕರೆದುಕೊಂಡು ಹೋಗುವಾಗ ನಮ್ಮವರ ಸೂಟ್‌ಕೇಸಿನಲ್ಲಿ ಅರ್ಧ ಭಾಗ ಡಯಾಪರ್ ಇರುತ್ತದೆ. ಅಕ್ಕನ ಮಗುವಿಗೂ ನಾಲ್ಕು ಪ್ಯಾಕೆಟ್, "ಹಾಲೆಂಡಿನದು, ಸೋರುವುದೇ ಇಲ್ಲ" ಎಂಬ ಪ್ರಶಸ್ತಿಪತ್ರದೊಂದಿಗೆ. ಇಲ್ಲಿ ಎಸೆದದ್ದು ಮುಚ್ಚಿದ ಗಾಡಿಯಲ್ಲಿ ವೋರ್ಟಿನ ಕುಲುಮೆಗೆ ಹೋಗುತ್ತದೆ. ನಡುವೆ ಯಾರ ಬರಿಗೈಯೂ ತಾಕುವುದಿಲ್ಲ. ಅಲ್ಲಿ ಹಾಗಲ್ಲ. 2016ರ ಘನತ್ಯಾಜ್ಯ ನಿಯಮಗಳು ಡಯಾಪರನ್ನು ಭದ್ರವಾಗಿ ಸುತ್ತಿ ಕೊಡಬೇಕು, ಸುತ್ತುವ ಚೀಲವನ್ನು ತಯಾರಕರೇ ಒದಗಿಸಬೇಕು ಎಂದು ವಿಧಿಸಿದವು. ಬೆಂಗಳೂರಿನಲ್ಲಿ ಹೈಕೋರ್ಟು 2015ರ ಡಿಸೆಂಬರಿನಲ್ಲಿ ಎರಡು ಬುಟ್ಟಿ ಒಂದು ಚೀಲದ ಕ್ರಮವನ್ನು ಕಡ್ಡಾಯ ಮಾಡಿತು. ಡಯಾಪರನ್ನು ಕಾಗದದಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಕೆಂಪು ಬುಟ್ಟಿಗೆ ಹಾಕಬೇಕು ಎಂದು ಜನರಿಗೆ ಹೇಳಿಕೊಟ್ಟರು. ಎಷ್ಟು ಮನೆಗಳವರು ಸುತ್ತುತ್ತಾರೆ ಎಂಬುದನ್ನು ಬೆಳಗ್ಗೆ ಗಾಡಿಯ ಪಕ್ಕ ಹತ್ತು ನಿಮಿಷ ನಿಂತವರಿಗೆ ಹೇಳಬೇಕಾಗಿಲ್ಲ. ಬಿಚ್ಚಿದ ಡಯಾಪರನ್ನು ಸೊಪ್ಪಿನ ಸಿಪ್ಪೆಯಿಂದ ಬೇರೆ ಮಾಡುವವರು ಪೌರಕಾರ್ಮಿಕರು, ಅವರಲ್ಲಿ ಬಹಳ ಮಂದಿ ಹೆಂಗಸರು. ಅಲ್ಲಿಂದ ಅದು ಹೋಗುವುದು ಯಾರದೋ ಊರಿನ ಮಗ್ಗುಲಿಗೆ. ಮಾವಳ್ಳಿಪುರದವರು, ಮಂಡೂರಿನವರು ವರ್ಷಗಟ್ಟಲೆ ನಗರದ ಕಸದ ಬೆಟ್ಟವನ್ನು ಹೊತ್ತು, ಕೊನೆಗೆ ರಸ್ತೆಗಿಳಿದು ನಿಲ್ಲಿಸಿದರು; ಮಂಡೂರಿನಲ್ಲಿ ಅದು ನಿಂತದ್ದು 2014ರ ಕೊನೆಗೆ. ತಾಲ್ಲೂಕು ಕೇಂದ್ರಗಳಲ್ಲಿ ಇದೂ ಇಲ್ಲ, ಕೆರೆಯಂಚಿನಲ್ಲಿ ನಾಯಿ ಎಳೆದಾಡುತ್ತದೆ. ಅಂದರೆ ಅಲ್ಲಿ ಡಯಾಪರ್ ಹಾಕಿದರೆ ಒಗೆತ ತಪ್ಪಿತೆಂದಲ್ಲ. ಅದನ್ನು ಮುಟ್ಟುವ ಕೆಲಸ ಮನೆಯ ಹೆಂಗಸಿನಿಂದ ಬೀದಿಯ ಹೆಂಗಸಿಗೆ ವರ್ಗವಾಯಿತು, ಅಷ್ಟೇ.

ಆದ್ದರಿಂದ ನನ್ನ ಖಚಿತವಾದ ಅಭಿಪ್ರಾಯವಿದು: ಇಲ್ಲಿ ಬಟ್ಟೆ ಕಟ್ಟಲಾಗದವರು ಇಲ್ಲಿ ಬಿಡಲಿ, ಊರಿನಲ್ಲಾದರೂ ಕಟ್ಟಲಿ. ರಜೆಯ ನಾಲ್ಕು ವಾರ. ಫೆಬ್ರುವರಿಯ ಬಿಸಿಲಿನಲ್ಲಿ ತಾರಸಿಯ ಮೇಲೆ ಹರವಿದ ತೆಳುಬಟ್ಟೆ ಎರಡು ಗಂಟೆಯಲ್ಲಿ ಗರಿಗರಿಯಾಗುತ್ತದೆ. ನಾವು ಅಟ್ಟದಲ್ಲಿ ಒಂದೂವರೆ ದಿನ ಕಾಯುವುದನ್ನು ಅಲ್ಲಿನ ಸೂರ್ಯ ಪುಕ್ಕಟೆ ಮಾಡಿಕೊಡುತ್ತಾನೆ. ಪ್ರಯಾಣಕ್ಕೆಂದು ಹತ್ತು ಡಯಾಪರ್ ಇಟ್ಟುಕೊಳ್ಳಿ, ಉಳಿದ ಜಾಗದಲ್ಲಿ ಚೀಸ್ ತುಂಬಿಕೊಳ್ಳಿ. ಮತ್ತೆ ಒಂದು ಮಾತು: ಅಲ್ಲಿ ಒಗೆಯುವುದನ್ನು ಮನೆಗೆಲಸದವರಿಗೆ ಒಪ್ಪಿಸಿ ಬರಬಾರದು. ಮಾವನ ಮನೆಯ ತಾರಸಿಯಲ್ಲಿ ವಿದೇಶದಿಂದ ಬಂದ ಅಳಿಯ ಲಂಗೋಟಿ ಒಣಹಾಕುವುದನ್ನು ನಾಲ್ಕು ಮನೆಯವರು ನೋಡಿದರೆ ನಷ್ಟವೇನಿಲ್ಲ.

ಬಳಗಕ್ಕೆ ಒಂದು ಸೂಚನೆಯನ್ನು ಮುಂದಿಡುತ್ತೇನೆ. ಬ್ರಿಟನ್ನಿನವರ ಲೆಕ್ಕದಲ್ಲಿ ಎರಡನೆಯ ಮಗುವಿಗೆ ಅದೇ ಬಟ್ಟೆ ಬಳಸಿದಾಗ ಉಳಿತಾಯ ಹೆಚ್ಚೆಂದು ಹೇಳಿದೆನಷ್ಟೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ಒಂದೇ ಮಗು. ನಮ್ಮದೂ ಅಷ್ಟಕ್ಕೇ ನಿಲ್ಲುವ ಸಂಭವ. ಆದರೆ ಎರಡನೆಯ ಮಗು ನಮ್ಮದೇ ಆಗಿರಬೇಕೆಂದು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ. ಹುಟ್ಟಿದ ಮಗುವಿಗೆ ಮೊದಲು ಹೊಸ ಬಟ್ಟೆ ತೊಡಿಸದೆ, ಬೇರೆ ಮಗು ಹಾಕಿಕೊಂಡು ಮೆದುವಾದ ಹಳೆಯದನ್ನು ಕೇಳಿ ತಂದು ತೊಡಿಸುವ ರೂಢಿ ನಮ್ಮ ಎಷ್ಟೋ ಮನೆತನಗಳಲ್ಲಿದೆ. ಅದನ್ನೇ ಸ್ವಲ್ಪ ಉದ್ದಕ್ಕೆ ಎಳೆದರಾಯಿತು. ನಮ್ಮ ಮಗಳಿಗೆ ಇನ್ನು ಏಳೆಂಟು ತಿಂಗಳಲ್ಲಿ ಬಟ್ಟೆಯ ಅಗತ್ಯ ಮುಗಿಯಬಹುದು. 20 ಬಟ್ಟೆ, 5 ಮೇಲುಚಡ್ಡಿ (ಎರಡಕ್ಕೆ ಹೊಸ ಎಲಾಸ್ಟಿಕ್ ಹಾಕಬೇಕು), ಮುಚ್ಚಳದ ಬಕೆಟ್ಟು ಒಂದು, ಎಲ್ಲವನ್ನೂ 60 ಡಿಗ್ರಿಯಲ್ಲಿ ಒಗೆದು ಪೆಟ್ಟಿಗೆಯಲ್ಲಿಟ್ಟು ಯುಗಾದಿ ಕೂಟಕ್ಕೆ ತರುತ್ತೇನೆ. ಬೇಕಾದವರು ಕಾರ್ಯದರ್ಶಿಯವರಿಗೆ ಹೆಸರು ಕೊಡಿ. ಹಣ ಬೇಡ. ಅವರ ಮಗುವಿನ ಸರದಿ ಮುಗಿದ ಮೇಲೆ ಹರಿದದ್ದನ್ನು ಹೊಲಿದೋ ಬದಲಿಸಿಯೋ ಮುಂದಿನ ಮನೆಗೆ ಕೊಟ್ಟರೆ ಸಾಕು. ಹೆಸರು ಕೊಡುವವರು ಮಗುವಿನ ತಂದೆಯೇ ಆಗಿರಬೇಕೆಂದು ಕಾರ್ಯದರ್ಶಿಯವರಿಗೆ ಈಗಾಗಲೇ ಹೇಳಿದ್ದೇನೆ. ಅಟ್ಟದಲ್ಲಿ ಹಗ್ಗ ಕಟ್ಟಲು ಒಬ್ಬ ಜೊತೆಗಾರ ಬೇಕಿದ್ದರೆ ನಾನು ಶನಿವಾರ ಬಿಡುವಾಗಿರುತ್ತೇನೆ.